ನೀರು-ಮಣ್ಣಿನ ಸಹಕಾರಿ ಆಲ್ಡೊ ಲಿಯೋಪೋಲ್ಡ್



ಸಹಕಾರ ಸಂಘದ ಸ್ಮರಣ ಸಂಚಿಕೆ ಎಂದ ಮೇಲೆ ಅದರಲ್ಲಿ ಜರ್ಮನಿಯ ರೈಫೈಸನ್ ಸಾಹೇಬರ ಚರಿತ್ರೆ ಇರಬೇಕು. 1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಚರಿತ್ರೆ ಇರಬೇಕು. ಅವನ್ನು ಬಲ್ಲವರು ಬರೆಯುತ್ತಾರೆ. ನಮಗೆ ಒಪ್ಪಿಸಿದ ಪುಟಗಳಲ್ಲಿ ನಾವು ಬೇರೊಬ್ಬರ ಚರಿತ್ರೆ ಹೇಳಬೇಕೆಂದಿದ್ದೇವೆ. ಅವರು ರೊಕ್ಕದ ಸಹಕಾರ ಮಾಡಿದವರಲ್ಲ, ನೀರಿನ ಮತ್ತು ಮಣ್ಣಿನ ಸಹಕಾರಕ್ಕೆ ಹೊರಟವರು. ಅವರ ಹೆಸರು ಆಲ್ಡೊ ಲಿಯೋಪೋಲ್ಡ್, ಅಮೆರಿಕ ದೇಶದವರು.

ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಇಂಗ್ಲಿಷ್ ಪುಸ್ತಕ ಓದಿ ಅರಗಿಸಿಕೊಳ್ಳುವ ತಾಕತ್ತು ನಮಗಿಲ್ಲ. ನಮ್ಮ ಅಣ್ಣನ ಮಗ ಧಾರವಾಡದಲ್ಲಿ ಕೃಷಿ ಪದವಿ ಓದುವಾಗ ಸೂಟಿಗೆ ಬಂದವನು ಇವರ ಪುಸ್ತಕ ತಂದಿದ್ದ. ನಮ್ಮ ಮೂರನೇ ಬೋರು ಫೇಲಾದ ವಾರ ಅದು. ರಾತ್ರಿ ಕಟ್ಟೆಯ ಮೇಲೆ ಕುಳಿತು ಅವನು ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತ ಹೋದ. ಕೇಳುತ್ತ ಕೇಳುತ್ತ ನಮಗೆ ಇದು ಅಮೆರಿಕದ ಕಥೆಯೋ ನಮ್ಮೂರಿನ ಕಥೆಯೋ ಎಂಬ ಅನುಮಾನ ಬಂತು. ಆಮೇಲೆ ಅವನ ಕಡೆಯಿಂದ ಇನ್ನಷ್ಟು ಕೇಳಿ ತಿಳಿದು ಇದನ್ನು ಬರೆಯುತ್ತಿದ್ದೇವೆ.

ಲಿಯೋಪೋಲ್ಡರು ಹುಟ್ಟಿದ್ದು 1887ನೇ ಇಸವಿ ಜನವರಿ 11ರಂದು. ಊರು ಅಯೋವಾ ರಾಜ್ಯದ ಬರ್ಲಿಂಗ್ಟನ್, ಮಿಸಿಸಿಪ್ಪಿ ನದಿಯ ದಂಡೆಯ ಮೇಲಿದೆ. ಹಿರೇರು ಜರ್ಮನಿಯಿಂದ ಬಂದು ನೆಲೆಸಿದವರು. ತಂದೆಯವರಿಗೆ ಮೇಜು ತಯಾರಿಸುವ ಕಾರ್ಖಾನೆ ಇತ್ತು. ತಂದೆ ದೊಡ್ಡ ಬೇಟೆಗಾರರು. ಆದರೆ ಒಂದು ನೇಮ ಇಟ್ಟುಕೊಂಡಿದ್ದರು. ಹಕ್ಕಿಗಳು ಗೂಡು ಕಟ್ಟಲು ಹೋಗುವ ವಸಂತ ಕಾಲದಲ್ಲಿ ನೀರುಹಕ್ಕಿಗಳಿಗೆ ಗುಂಡು ಹೊಡೆಯುವುದನ್ನು ಅವರು ಬಿಟ್ಟುಬಿಟ್ಟರು. ಆಗ ಅದನ್ನು ತಡೆಯುವ ಕಾನೂನು ಯಾವುದೂ ಇರಲಿಲ್ಲ. ಕಾನೂನು ಬರುವ ಮೊದಲೇ ಮನುಷ್ಯ ತನಗೆ ತಾನೇ ಕಟ್ಟಳೆ ಹಾಕಿಕೊಳ್ಳಬಹುದು ಎಂಬ ಪಾಠ ಹುಡುಗನಿಗೆ ಮನೆಯಲ್ಲೇ ಸಿಕ್ಕಿತು. ಈ ಮಾತನ್ನು ವಾಚಕರು ನೆನಪಿಡಬೇಕು, ಮುಂದೆ ಬೇಕಾಗುತ್ತದೆ.

1909ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯ ಶಾಸ್ತ್ರ ಮುಗಿಸಿ ಅರಣ್ಯ ಇಲಾಖೆಯ ನೌಕರಿಗೆ ಸೇರಿದರು. ಹಾಕಿದ್ದು ಅರಿಜೋನಾ, ನ್ಯೂ ಮೆಕ್ಸಿಕೋ ಎಂಬ ಒಣ ಸೀಮೆಗೆ. 1912ರಲ್ಲಿ ಎಸ್ಟೆಲ್ಲಾ ಎಂಬುವರನ್ನು ಮದುವೆಯಾದರು. ಮರುವರ್ಷ ಕುದುರೆಯ ಮೇಲೆ ತಿರುಗಾಟದಲ್ಲಿದ್ದಾಗ ಮಳೆ, ಆಲಿಕಲ್ಲಿಗೆ ಸಿಕ್ಕು ನೆನೆದು ಮೂತ್ರಪಿಂಡದ ರೋಗ ತಗುಲಿ ಸಾಯುವ ಹಾಗಾಗಿ, ಒಂದು ವರ್ಷಕ್ಕೂ ಮೇಲೆ ಮಲಗಿದರು. ಎದ್ದ ಮೇಲೆ ಮತ್ತೆ ಅದೇ ಕೆಲಸ. ಆ ಸೀಮೆಯ ಬ್ಲೂ ನದಿಯ ಕಣಿವೆಯಲ್ಲಿ ಅವರು ಕಂಡದ್ದು ಮರೆಯಲಾಗದ್ದು. ದನ ಹೆಚ್ಚಾಗಿ ಹುಲ್ಲೆಲ್ಲ ಸವೆದು, ಮಳೆ ಬಂದಾಗ ಗುಡ್ಡದ ನೀರು ತಡೆಯಿಲ್ಲದೆ ಇಳಿದು, ಹೊಳೆ ದಂಡೆಯ ಒಳ್ಳೆಯ ಹೊಲಗಳೇ ಕೊಚ್ಚಿ ಹೋಗಿದ್ದವು. ಹೊಲ ಹೋದ ಮೇಲೆ ರೈತರೂ ಊರು ಬಿಟ್ಟಿದ್ದರು. ನೀರು ನಿಲ್ಲದ ಕಡೆ ಮಣ್ಣೂ ನಿಲ್ಲದು, ಮನುಷ್ಯನೂ ನಿಲ್ಲನು ಎಂದು ಅವರಿಗೆ ಅಲ್ಲಿ ಖಾತ್ರಿಯಾಯಿತು.

1924ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ಊರಿಗೆ ವರ್ಗವಾಗಿ ಬಂದರು. ಈ ರಾಜ್ಯ ಹೈನಿಗೆ ಹೆಸರಾದದ್ದು. ಅಲ್ಲಿ ರೈತರ ಜೊತೆ ಅವರ ನಿಜವಾದ ಕೆಲಸ ಶುರುವಾಯಿತು.

ಮೊದಲು ಜೌಗು ಭೂಮಿಯ ಸಂಗತಿ ಹೇಳಬೇಕು. ವಿಸ್ಕಾನ್ಸಿನ್ನಿನ ನಡುಭಾಗದಲ್ಲಿ ಮೈಲುಗಟ್ಟಲೆ ಜೌಗು ಇತ್ತು. ಸಾವಿರಾರು ವರ್ಷ ಹುಲ್ಲು, ಪಾಚಿ ನೀರಲ್ಲಿ ಕೊಳೆತು ಆದ ಕಪ್ಪು ಮಣ್ಣು, ಅದರ ಮೇಲೆ ನೀರು. ಅರಿವೆ ನೀರು ಹೀರಿದ ಹಾಗೆ ಮಳೆ ನೀರನ್ನು ಹೀರಿ ಇಟ್ಟುಕೊಂಡು ನಿಧಾನವಾಗಿ ಬಿಡುವ ನೆಲ ಅದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಬಸಿದು ಹೊಲ ಮಾಡಿದರೆ ಬಂಗಾರ ಬೆಳೆಯಬಹುದೆಂದು ಜಾಗ ಮಾರುವವರು ಆಸೆ ಹಚ್ಚಿದರು. ಸಾಲ ಎತ್ತಿ ಉದ್ದುದ್ದ ಕಾಲುವೆ ತೋಡಿ ನೀರು ಹೊರಗೆ ಹರಿಸಿದರು. ಏನಾಯಿತು? ಬೇಸಿಗೆಯಲ್ಲೂ ಹಿಮ ಬಿದ್ದು ಬೆಳೆ ಸುಟ್ಟಿತು. ನೆಲದೊಳಗಿನ ನೀರು ಕೆಳಗಿಳಿಯಿತು. ಒಣಗಿದ ಕಪ್ಪು ಮಣ್ಣಿಗೇ ಬೆಂಕಿ ಹತ್ತಿ ನೆಲದ ಒಳಗೇ ಉರಿಯತೊಡಗಿತು. ಕಾಲುವೆಯ ಕರ ಕಟ್ಟಲಾರದೆ ರೈತರು ಹೊಲ ಬಿಟ್ಟು ಹೋದರು. 1930ರ ದಶಕದಲ್ಲಿ ಸರ್ಕಾರ ಆ ಜಾಗ ತೆಗೆದುಕೊಂಡು, ತೋಡಿದ ಕಾಲುವೆಗಳಿಗೇ ಒಡ್ಡು ಹಾಕಿಸಿ ಮತ್ತೆ ನೀರು ನಿಲ್ಲಿಸಿತು. ತೋಡಲಿಕ್ಕೂ ಖರ್ಚು, ಮುಚ್ಚಲಿಕ್ಕೂ ಖರ್ಚು!

ಲಿಯೋಪೋಲ್ಡರು 1937ರಲ್ಲಿ ಈ ಜೌಗಿನ ಮೇಲೆ ಒಂದು ಲೇಖನ ಬರೆದರು. ಅಲ್ಲಿ ಗೂಡು ಕಟ್ಟುವ ಉದ್ದ ಕಾಲಿನ ಕ್ರೌಂಚ ಹಕ್ಕಿಗಳು ಆಗ ಇಡೀ ರಾಜ್ಯದಲ್ಲಿ ಕೆಲವೇ ಜೋಡಿ ಉಳಿದಿದ್ದವು. ಜೌಗು ಹೋದರೆ ಹಕ್ಕಿ ಹೋಯಿತು, ಹಕ್ಕಿ ಹೋದರೆ ನೆಲ ಸತ್ತ ಸುದ್ದಿ ಬಂತು ಎಂಬುದು ಅವರ ಮಾತಿನ ಸಾರ. ನಮ್ಮ ಭಾಗದ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ನಮ್ಮ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನಾವೂ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದ್ದೇವೆ. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆಯಲ್ಲಿ ನೀರಿದ್ದರೆ ತಾನೆ ಹಕ್ಕಿ!

ಈಗ ಸಹಕಾರದ ಮಾತಿಗೆ ಬರೋಣ. 1931ರಲ್ಲಿ ಒಂದು ದಿನ ಲಿಯೋಪೋಲ್ಡರು ಮ್ಯಾಡಿಸನ್ನಿಗೆ ಸಮೀಪದ ರೈಲಿ ಎಂಬಲ್ಲಿ ಒಬ್ಬ ರೈತರ ಮನೆಗೆ ಕುಡಿಯಲು ನೀರು ಕೇಳಿ ಹೋದರು. ರೈತರು ತಮ್ಮ ಗೋಳು ಹೇಳಿಕೊಂಡರು. ಪೇಟೆ ಜನ ಕೇಳದೆ ಕೇಳದೆ ಹೊಲಕ್ಕೆ ನುಗ್ಗಿ ಬೇಟೆಯಾಡುತ್ತಾರೆ, ಹಕ್ಕಿ-ಪಕ್ಷಿ ಉಳಿದಿಲ್ಲ ಎಂದರು. ಮಾತಿಗೆ ಮಾತು ಬೆಳೆದು ಒಂದು ಸಹಕಾರಿ ಕೂಟವೇ ಹುಟ್ಟಿತು. ಹತ್ತು-ಹನ್ನೊಂದು ರೈತರು, ಪೇಟೆಯ ನಾಲ್ಕೈದು ಜನ ಸೇರಿದರು. ಜಾಗ ಮತ್ತು ದುಡಿಮೆ ರೈತರದು, ಸಾಮಾನಿನ ಖರ್ಚು ಪೇಟೆಯವರದು. ಜೌಗಿಗೆ, ಗಿಡಗಂಟಿಗೆ ದನ ಹೋಗದಂತೆ ಬೇಲಿ ಹಾಕಿದರು, ಸಸಿ ನೆಟ್ಟರು, ಚಳಿಗಾಲದಲ್ಲಿ ಹಕ್ಕಿಗೆ ಕಾಳು ಇಟ್ಟರು. ದೊಡ್ಡ ಕಚೇರಿ ಇಲ್ಲ, ಸಾಹೇಬರಿಲ್ಲ. ವರ್ಷಗಟ್ಟಲೆ ನಡೆಯಿತು.

1933ರಲ್ಲಿ ವಿಶ್ವವಿದ್ಯಾಲಯದವರು ಅವರನ್ನು ಪ್ರಾಧ್ಯಾಪಕರನ್ನಾಗಿ ಕರೆದರು, ಅದೂ ಕೃಷಿ ಅರ್ಥಶಾಸ್ತ್ರ ವಿಭಾಗಕ್ಕೆ. ಪಾಠದ ಕೋಣೆಯಲ್ಲೇ ಕುಳಿತವರಲ್ಲ. ರೇಡಿಯೋದಲ್ಲಿ ರೈತರಿಗೆ ಮಾತಾಡಿದರು. ಚಳಿಗಾಲದಲ್ಲಿ ಕೆಲಸ ಕಡಿಮೆ ಇರುವಾಗ ರೈತರ ಮಕ್ಕಳಿಗೆ ನಡೆಯುವ ಶಿಬಿರಗಳಲ್ಲಿ ಪಾಠ ಹೇಳಿದರು.

ಅದೇ ವರ್ಷ ಕೂನ್ ವ್ಯಾಲಿ ಎಂಬ ಕಣಿವೆಯಲ್ಲಿ ಅಮೆರಿಕದ ಮೊಟ್ಟಮೊದಲ ಜಲಾನಯನ ಯೋಜನೆ ಆರಂಭವಾಯಿತು. ಇಳಿಜಾರಿನ ಮೇಲೆ ಮೇಲಿಂದ ಕೆಳಕ್ಕೆ ನೇಗಿಲು ಹೊಡೆದು, ಗುಡ್ಡದಲ್ಲಿ ದನ ಮೇಯಿಸಿ ಕೊರಕಲು ಬಿದ್ದ ಸೀಮೆ. ಸುಮಾರು 400 ರೈತರು ಸರ್ಕಾರದ ಜೊತೆ ಐದು ವರ್ಷದ ಕರಾರು ಮಾಡಿಕೊಂಡರು. ಇಳಿಜಾರಿಗೆ ಅಡ್ಡವಾಗಿ ಉಳುವುದು, ಒಂದು ಪಟ್ಟಿ ಕಾಳು ಒಂದು ಪಟ್ಟಿ ಮೇವು ಬೆಳೆಯುವುದು, ಕಡಿದಾದ ಗುಡ್ಡಕ್ಕೆ ದನ ಬಿಡದೆ ಬೇಲಿ ಹಾಕುವುದು, ಕೊರಕಲಿಗೆ ತಡೆ ಒಡ್ಡು ಕಟ್ಟುವುದು. ಕೂಲಿಗೆ ಸರ್ಕಾರದ ಯುವಕರ ದಳ. ಲಿಯೋಪೋಲ್ಡರು ಸಲಹೆಗಾರರು. ಅವರ ಇಬ್ಬರು ಗಂಡುಮಕ್ಕಳೂ ಅಲ್ಲಿ ದುಡಿದರು. 1935ರಲ್ಲಿ ಈ ಯೋಜನೆಯ ಬಗ್ಗೆ ಬರೆದ ಲೇಖನದ ತಲೆಬರಹದಲ್ಲಿಯೇ ಅವರು ಸಹಕಾರ ಎಂಬ ಶಬ್ದ ಇಟ್ಟರು. ಮುಂದಿನ ದಶಕಗಳಲ್ಲಿ ಆ ಸೀಮೆಯಲ್ಲಿ ಮಳೆ ನೀರು ಇಂಗಿ ಒರತೆಗಳು ಬಲಗೊಂಡವು, ಹಳ್ಳಗಳು ಬೇಸಿಗೆಯಲ್ಲೂ ಹೆಚ್ಚು ಹರಿದವು, ಕೊಚ್ಚಿ ಹೋಗುವ ಮಣ್ಣು ಬಹಳ ಕಡಿಮೆಯಾಯಿತು ಎಂದು ಅಳೆದು ನೋಡಿದವರು ಹೇಳಿದ್ದಾರೆ.

ಇಲ್ಲಿಗೇ ಮುಗಿಸಿದರೆ ಇದು ಬರೀ ಹೊಗಳಿಕೆಯಾದೀತು. ಲಿಯೋಪೋಲ್ಡರು ದೊಡ್ಡವರಾದದ್ದು ಸೋಲನ್ನೂ ಮುಚ್ಚಿಡದೆ ಬರೆದದ್ದರಿಂದ. ಐದು ವರ್ಷದ ಕರಾರು ಮುಗಿದ ಮೇಲೆ ರೈತರು ಏನು ಮಾಡಿದರು ಎಂದು ಅವರು ನೋಡಿದರು. ತಮಗೆ ಕೂಡಲೇ ಲಾಭ ಕೊಟ್ಟ ಕೆಲಸಗಳನ್ನು ಮಾತ್ರ ಮುಂದುವರಿಸಿ, ಊರಿಗೆಲ್ಲ ಒಳ್ಳೆಯದಾಗುವ ಆದರೆ ತಮಗೆ ರೊಕ್ಕ ತಾರದ ಕೆಲಸಗಳನ್ನು ಕೈಬಿಟ್ಟಿದ್ದರು. 1937ರಲ್ಲಿ ರಾಜ್ಯ ಸರ್ಕಾರ ಒಂದು ಕಾನೂನು ಮಾಡಿ, ಮಣ್ಣು ಉಳಿಸುವ ನಿಯಮಗಳನ್ನು ರೈತರೇ ಕೂಡಿ ಬರೆದುಕೊಳ್ಳಬಹುದು, ತಜ್ಞರನ್ನೂ ಯಂತ್ರಗಳನ್ನೂ ನಾವು ಕೊಡುತ್ತೇವೆ ಎಂದಿತು. ಹೆಚ್ಚುಕಡಿಮೆ ಹತ್ತು ವರ್ಷ ಕಳೆದರೂ ಯಾವ ಜಿಲ್ಲೆಯಲ್ಲೂ ಒಂದೇ ಒಂದು ನಿಯಮ ಬರೆಯಲಿಲ್ಲ. ರೊಕ್ಕ ಕೊಟ್ಟರೆ ಒಡ್ಡು ಬರುತ್ತದೆ, ಮನಸ್ಸು ಬರುವುದಿಲ್ಲ ಎಂದು ಅವರು ಕಂಡುಕೊಂಡರು. ನೆಲ, ನೀರು, ಗಿಡ, ಪ್ರಾಣಿ ಎಲ್ಲವೂ ನಮ್ಮ ಊರಿನ ಸದಸ್ಯರೇ, ಅವುಗಳ ಬಗ್ಗೆಯೂ ನಮಗೆ ಕರ್ತವ್ಯ ಇದೆ ಎಂಬ ನೀತಿ ಹುಟ್ಟಬೇಕು ಎಂದು ಬರೆದರು.

ಬರೆದಂತೆ ನಡೆದರು ಕೂಡ. 1935ರಲ್ಲಿ ವಿಸ್ಕಾನ್ಸಿನ್ ನದಿಯ ದಂಡೆಯಲ್ಲಿ ಸತ್ವ ಹೋದ ಒಂದು ಮರಳು ಹೊಲ ಕೊಂಡರು. ಇದ್ದದ್ದು ಒಂದು ಕೋಳಿಗೂಡು. ಅದನ್ನೇ ಸ್ವಚ್ಛ ಮಾಡಿ ಹೆಂಡತಿ, ಐದು ಮಕ್ಕಳ ಜೊತೆ ರಜೆಯಲ್ಲಿ ಅಲ್ಲಿ ಇರುತ್ತಿದ್ದರು. 1936ರಲ್ಲಿ ನೆಟ್ಟ ಸಾವಿರಾರು ಪೈನ್ ಸಸಿಗಳು ಬರಗಾಲಕ್ಕೆ ಬಹುಪಾಲು ಒಣಗಿ ಹೋದವು. ಮರುವರ್ಷ ಮತ್ತೆ ನೆಟ್ಟರು. ಅದರ ಮರುವರ್ಷವೂ ನೆಟ್ಟರು.

1948ರ ಏಪ್ರಿಲ್ 14ರಂದು ಅವರ ಪುಸ್ತಕ ಅಚ್ಚು ಹಾಕುತ್ತೇವೆಂದು ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಫೋನು ಬಂತು. ಒಂದು ವಾರಕ್ಕೆ, ಏಪ್ರಿಲ್ 21ರಂದು, ಪಕ್ಕದವರ ಜಾಗದಲ್ಲಿ ಹುಲ್ಲಿಗೆ ಬೆಂಕಿ ಬಿತ್ತು. ಆರಿಸಲು ಹೋದ ಲಿಯೋಪೋಲ್ಡರು ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ವಯಸ್ಸು 61. ಪುಸ್ತಕ ಮರುವರ್ಷ ಬಂತು, ಲಕ್ಷ ಲಕ್ಷ ಪ್ರತಿ ಖರ್ಚಾಯಿತು. ಮಗ ಲೂನಾ ಮುಂದೆ ಅಮೆರಿಕದ ಭೂಗರ್ಭ ಸರ್ವೇ ಇಲಾಖೆಯಲ್ಲಿ ಮುಖ್ಯ ಜಲ ವಿಜ್ಞಾನಿಯಾದರು. ಕ್ರೌಂಚ ಹಕ್ಕಿಗಳು ಈಗ ಸಾವಿರಾರು ಸಂಖ್ಯೆಯಲ್ಲಿ ಮರಳಿವೆ. ಬಿತ್ತಿದ ಗೋವಿನಜೋಳದ ಮೊಳಕೆ ಕಿತ್ತು ತಿನ್ನುತ್ತವೆ ಎಂದು ಅಲ್ಲಿನ ರೈತರು ತಕರಾರು ಮಾಡುವಷ್ಟು! ಅದಕ್ಕೂ ಹಕ್ಕಿ ಸಾಯದಂತೆ, ರುಚಿ ಕೆಡಿಸುವ ಬೀಜೋಪಚಾರ ಕಂಡುಹಿಡಿದಿದ್ದಾರೆ.

ಬಂಧುಗಳೇ, ಈಗ ನಮ್ಮ ಮಾತು. ಕೆಲವು ವರ್ಷಗಳ ಹಿಂದೆ ಯೋಜನೆಯೊಂದರಲ್ಲಿ ನಮ್ಮ ಹೊಲಗಳಿಗೂ ಬದು ಹಾಕಿದರು. ರೊಕ್ಕ ಸರ್ಕಾರದ್ದು. ಕೆಲಸದವರು ಹೋದ ಎರಡೇ ವರ್ಷಕ್ಕೆ ಎರಡು ಸಾಲು ಹೆಚ್ಚು ಬರಲಿ ಎಂದು ಬದು ಒಡೆದು ಉತ್ತವರು ಯಾರು? ನಾವೇ. ಕೆರೆಗೆ ನೀರು ತರುವ ಹಳ್ಳಕ್ಕೆ ಕಂಟಿ ಬೆಳೆಯಲು ಬಿಟ್ಟವರು, ನೀರು ಕಡಿಮೆಯಾದ ಕೆರೆಯಂಗಳದಲ್ಲಿ ಜೋಳ ಬಿತ್ತಿದವರು ಯಾರು? ಅದರಲ್ಲಿ ಈ ಲೇಖನ ಬರೆಯುತ್ತಿರುವ ನಾವೂ ಒಬ್ಬರು, ಎರಡು ಎಕರೆ. ಕೆರೆ ಬತ್ತಿತು, ಕೆರೆ ಕೆಳಗಿನ ಸೇದುವ ಬಾವಿಗಳು ಬತ್ತಿದವು. ಬೋರು ಹಾಕಿಸಲು ನಮ್ಮ ಸಂಘವೇ ಸಾಲ ಕೊಟ್ಟಿತು. ಮೊದಲನೆಯದಕ್ಕೆ 200 ಅಡಿಗೆ ನೀರು ಬಂದಿತ್ತು. ಮೂರನೆಯದು 550 ಅಡಿಗೂ ಬರೀ ಧೂಳು. ಆ ಸಾಲದ ಕಂತು ಇನ್ನೂ ಕಟ್ಟುತ್ತಿದ್ದೇವೆ. ನಿರ್ದೇಶಕರೇ ಬಾಕಿದಾರರಾದರೆ ಮಂದಿ ಏನಂದಾರು?

ಸಾಲ ಕೊಡುವುದರಲ್ಲಿ, ಗೊಬ್ಬರ ಹಂಚುವುದರಲ್ಲಿ ನಮ್ಮ ಸಂಘ 25 ವರ್ಷ ಒಳ್ಳೆಯ ಹೆಸರು ಮಾಡಿದೆ. ಆದರೆ ನೆಲದೊಳಗಿನ ನೀರಿನ ಖಾತೆಯಲ್ಲಿ ನಾವೆಲ್ಲ ತೆಗೆಯುವವರೇ, ಜಮಾ ಮಾಡುವವರು ಯಾರೂ ಇಲ್ಲ. ಇಂಥ ಸಂಘ ಎಷ್ಟು ದಿನ ನಡೆದೀತು?

ಆದ್ದರಿಂದ ಮಹಾಸಭೆಯ ಮುಂದೆ ನಮ್ಮದೊಂದು ಅರಿಕೆ. ಹಳ್ಳದ ಕಂಟಿ ಕಡಿಯಲು ಮನೆಗೊಂದು ಆಳು. ಬದು ಒಡೆಯುವುದಿಲ್ಲ ಎಂದು ಸದಸ್ಯರೇ ಕೂಡಿ ಬರೆದುಕೊಳ್ಳುವ ಒಂದು ಕಟ್ಟಳೆ. ಹೊಸ ಬೋರಿನ ಸಾಲ ಕೇಳಿದವರು ಮೊದಲು ತಮ್ಮ ಹೊಲದಲ್ಲಿ ನೀರು ಇಂಗಿಸಿ ತೋರಿಸಬೇಕೆಂಬ ಒಂದು ನಿಯಮ. ವಿಸ್ಕಾನ್ಸಿನ್ನಿನ ರೈತರಿಂದ ಹತ್ತು ವರ್ಷವಾದರೂ ಬರೆಯಲಾಗದ ನಿಯಮವನ್ನು ನಾವು ಒಂದು ಸಭೆಯಲ್ಲಿ ಬರೆಯಬಹುದು, ಮನಸ್ಸು ಇದ್ದರೆ. ಕೆರೆಯಂಗಳದ ನಮ್ಮ ಎರಡು ಎಕರೆಯನ್ನು ಈ ಯುಗಾದಿಗೆ ಬಿಟ್ಟುಕೊಟ್ಟಿದ್ದೇವೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ, ಅದು ಕೆರೆಯದೇ ಆಗಿತ್ತು. ಉಳಿದವರೂ ಯೋಚಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.

ಜೈ ಸಹಕಾರ.