ನಮ್ಮ ಕೋಡಿನಲ್ಲಿರೋ ಬೂಲ್ ಯಾರು?

ಕ್ಲೌಡ್ ಡೇಟಾಬೇಸಿನಲ್ಲಿ 'ಫೀಸ್ ಕಟ್ಟಿದ್ದಾರಾ' ಅಂತ ಒಂದು ಫೀಲ್ಡ್ ಇದೆ ಅಂದ್ಕೊಳ್ಳಿ. ಅದರಲ್ಲಿ ಯಾರೋ ಬೂಲಿಯನ್ ಬದಲು 'ಫಾಲ್ಸ್' ಅನ್ನೋ ಸ್ಟ್ರಿಂಗ್ ತುಂಬಿಸ್ತಾರೆ. ರಿಯಾಕ್ಟ್ ನೇಟಿವ್ ಆ್ಯಪ್ ಅದನ್ನ ಓದಿ ಇಫ್ ಒಳಗೆ ಹಾಕಿದ ತಕ್ಷಣ ಅದು ಟ್ರೂ ಆಗುತ್ತೆ! ಜಾವಾಸ್ಕ್ರಿಪ್ಟಿಗೆ ಖಾಲಿ ಅಲ್ಲದ ಸ್ಟ್ರಿಂಗ್ ಎಲ್ಲವೂ ನಿಜವೇ. ಇಂಥ ಬಗ್ ಹುಡುಕ್ತಾ ನಿದ್ದೆಗೆಟ್ಟವರೆಲ್ಲ ಆ ಬೂಲ್ ಯಾರು ಅಂತ ಒಮ್ಮೆ ತಿಳ್ಕೋಬೇಕು.

ಜಾರ್ಜ್ ಬೂಲ್ ಹುಟ್ಟಿದ್ದು 1815ರ ನವೆಂಬರ್ 2ರಂದು, ಇಂಗ್ಲೆಂಡಿನ ಲಿಂಕನ್ ಊರಲ್ಲಿ. ಅಪ್ಪ ಶೂ ಹೊಲಿಯುತ್ತಿದ್ದರು. ಆದರೆ ಮನಸ್ಸೆಲ್ಲ ದೂರದರ್ಶಕ, ವಿಜ್ಞಾನದ ಮೇಲೆ. ವ್ಯಾಪಾರ ಕುಸಿಯಿತು. ಮನೆ ನಡೆಸೋ ಜವಾಬ್ದಾರಿ 16ರ ಹುಡುಗನ ಹೆಗಲಿಗೆ ಬಿತ್ತು. ಮೇಷ್ಟ್ರಾದ. 19ಕ್ಕೆ ಸ್ವಂತ ಶಾಲೆ ತೆರೆದ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಭಾಷೆಗಳನ್ನೂ ಗಣಿತವನ್ನೂ ಹೆಚ್ಚಾಗಿ ತಾನೇ ಓದಿ ಕಲಿತ. 1844ರಲ್ಲಿ ರಾಯಲ್ ಸೊಸೈಟಿಯ ಪದಕ ಬಂತು. 1849ರಲ್ಲಿ, ಡಿಗ್ರಿಯೇ ಇಲ್ಲದ ಬೂಲ್ ಐರ್ಲೆಂಡಿನ ಕಾರ್ಕ್ ಕಾಲೇಜಿನಲ್ಲಿ ಗಣಿತದ ಪ್ರೊಫೆಸರ್ ಆದರು!

ಅವರ ದೊಡ್ಡ ಕೆಲಸ 1847 ಮತ್ತು 1854ರ ಪುಸ್ತಕಗಳಲ್ಲಿದೆ: ತರ್ಕವನ್ನು ಬೀಜಗಣಿತ ಮಾಡಿದ್ದು. ಕ್ಲಾಸಿನ ಪಟ್ಟಿಯಿಂದ ಹಾಸ್ಟೆಲ್‌ನವರನ್ನ ಆರಿಸಿ. ಸಿಕ್ಕವರಲ್ಲಿ ಮತ್ತೆ ಹಾಸ್ಟೆಲ್‌ನವರನ್ನ ಆರಿಸಿದ್ರೂ ಅದೇ ಗುಂಪು ಬರುತ್ತೆ. ಅಂದ್ರೆ ಎಕ್ಸ್ ಅನ್ನು ಎಕ್ಸ್‌ನಿಂದ ಗುಣಿಸಿದರೆ ಎಕ್ಸೇ. ಮಾಮೂಲಿ ಸಂಖ್ಯೆಗಳಲ್ಲಿ ಈ ನಿಯಮಕ್ಕೆ ಒಪ್ಪೋದು 0 ಮತ್ತು 1 ಮಾತ್ರ. ಆದ್ರೆ ಬೂಲ್‌ಗೆ 0 ಅಂದ್ರೆ ಏನೂ ಇಲ್ಲ, 1 ಅಂದ್ರೆ ಎಲ್ಲವೂ. ಅಂಕಿ ಅದೇ, ಅರ್ಥ ಬೇರೆ.

ನಮ್ಮ ತಲೆನೋವೂ ಇದೇ ಅಲ್ವಾ? ಎಸ್‌ಕ್ಯೂಲೈಟ್‌ನಲ್ಲಿ ಪ್ರತ್ಯೇಕ ಬೂಲಿಯನ್ ಇಲ್ಲ, 0 ಅಥವಾ 1 ಇಡುತ್ತೆ. ಬಂದ 1 ಎಣಿಕೆಯೋ, ನಿಜವೋ ಅಂತ ಹೇಳಬೇಕಾದ್ದು ನಾವು. ಫೈರ್‌ಸ್ಟೋರ್‌ನಲ್ಲಿ 4 ಪೂರ್ಣಾಂಕವಾಗಿ ಕೂತಿದ್ದು, ಫ್ಲಟರ್ ಆ್ಯಪ್ ಅದನ್ನ ಡಬಲ್ ಅಂತ ಕಾಸ್ಟ್ ಮಾಡಿದ್ರೆ ಎರರ್, 4.5 ಇದ್ದಾಗ ಎಲ್ಲ ಸರಿ ಇರುತ್ತೆ. ಮೊದಲು ನಮ್ ಅಂತ ಓದಿ ಆಮೇಲೆ ಡಬಲ್ ಮಾಡ್ಕೊಂಡ್ರೆ ಬದುಕಿದ್ವಿ.

1855ರಲ್ಲಿ ಬೂಲ್ ಮೇರಿ ಎವರೆಸ್ಟ್‌ರನ್ನು ಮದುವೆಯಾದರು. ನಮ್ಮ ಎವರೆಸ್ಟ್ ಶಿಖರಕ್ಕೆ ಹೆಸರು ಬಂದದ್ದು ಆಕೆಯ ದೊಡ್ಡಪ್ಪ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್‌ರಿಂದ. ಐವರು ಹೆಣ್ಣುಮಕ್ಕಳಾದರು. 1864ರ ಚಳಿಗಾಲದಲ್ಲಿ ಬೂಲ್ ಜೋರುಮಳೆಯಲ್ಲಿ ಕಾಲೇಜಿಗೆ ನಡೆದುಹೋಗಿ, ಒದ್ದೆ ಬಟ್ಟೆಯಲ್ಲೇ ಪಾಠ ಮಾಡಿದರು. ಜ್ವರ ಬಂತು. ಡಿಸೆಂಬರ್ 8ರಂದು ತೀರಿಕೊಂಡರು, ಬರೀ 49ರಲ್ಲಿ. ಕಿರಿಯ ಮಗಳಿನ್ನೂ ಕೈಗೂಸು.

ಆ ಬೀಜಗಣಿತ ಸ್ವಿಚ್ಚುಗಳ ಸರ್ಕ್ಯೂಟಿಗೆ ಹೊಂದುತ್ತೆ ಅಂತ ಕ್ಲಾಡ್ ಶಾನನ್ ತೋರಿಸಿದ್ದು 1937ರಲ್ಲಿ, ಎಂಐಟಿಯ ಮಾಸ್ಟರ್ಸ್ ಥೀಸಿಸ್‌ನಲ್ಲಿ. ಬೂಲ್ ಅದನ್ನ ನೋಡಲಿಲ್ಲ. ನಾವು ದಿನಾ ನೋಡ್ತೀವಿ. ಮುಂದಿನ ಸಲ ಡೇಟಾ ಓದುವಾಗ ಟೈಪ್ ಒಮ್ಮೆ ಚೆಕ್ ಮಾಡಿ. ಆ ಮೇಷ್ಟ್ರಿಗೆ ಅಷ್ಟಾದ್ರೂ ಗುರುದಕ್ಷಿಣೆ ಸಲ್ಲಲಿ.