ಇಂಜಿನಿಯರಿಂಗ್ ಬಿಟ್ಟ ಡಾಕ್ಟರ್ ಬರ್ಕಿಟ್

ಮೆಡಿಕಲ್ ಓದೋ ಫ್ರೆಂಡ್ಸ್ ಇದ್ದವರು ಬರ್ಕಿಟ್ ಲಿಂಫೋಮಾ ಅನ್ನೋ ಹೆಸರು ಕೇಳಿರಬಹುದು. ಬಿಳಿ ರಕ್ತಕಣಗಳಲ್ಲಿ ಹುಟ್ಟೋ ಕ್ಯಾನ್ಸರ್ ಅದು. ಆ ಬರ್ಕಿಟ್, ಅಂದ್ರೆ ಡೆನಿಸ್ ಬರ್ಕಿಟ್, 1929ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿಗೆ ಸೇರಿದ್ದು ಇಂಜಿನಿಯರಿಂಗ್ ಓದೋಕೆ! ಆಮೇಲೆ ಮೆಡಿಸಿನ್‌ಗೆ ಹೋದ್ರು. ನಮ್ಮಲ್ಲಿ ಹಾಗೆ ಬ್ರಾಂಚ್ ಬದಲಾಯಿಸೋಕೆ ಬಿಡ್ತಾರಾ?

ಹುಟ್ಟಿದ್ದು 1911ರಲ್ಲಿ, ಐರ್ಲೆಂಡಿನ ಎನಿಸ್ಕಿಲನ್ ಊರಲ್ಲಿ. ತಂದೆ ಜೇಮ್ಸ್ ಸಿವಿಲ್ ಇಂಜಿನಿಯರ್. ಅವರಿಗೆ ಹಕ್ಕಿಗಳ ಹುಚ್ಚು. ರಾಬಿನ್ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ, ಯಾವ ಹಕ್ಕಿಯ ಜಾಗ ಎಲ್ಲಿಂದ ಎಲ್ಲಿವರೆಗೆ ಅಂತ ನಕ್ಷೆ ಬರೀತಿದ್ರು. ಈ ನಕ್ಷೆ ನೆನಪಿಟ್ಟುಕೊಳ್ಳಿ. ಡೆನಿಸ್‌ಗೆ 11 ವರ್ಷ ಇದ್ದಾಗ ಅಪಘಾತದಲ್ಲಿ ಒಂದು ಕಣ್ಣು ಹೋಯ್ತು. ಮುಂದೆ ಸರ್ಜನ್ ಆಗಿ ಆಫ್ರಿಕಾದಲ್ಲಿ ಕೆಲಸ ಕೇಳಿದಾಗ ಇದೇ ಕಾರಣಕ್ಕೆ ಮೊದಲು ಬೇಡ ಅಂದ್ರು. ಯುದ್ಧ ಬಂತು, ಸೇನೆಯಲ್ಲಿ ಡಾಕ್ಟರ್ ಆದ್ರು, 1946ರಲ್ಲಿ ಉಗಾಂಡ ತಲುಪಿದ್ರು.

1957ರಲ್ಲಿ ಕಂಪಾಲದ ಮುಲಾಗೋ ಆಸ್ಪತ್ರೆಯಲ್ಲಿ ಸಹೋದ್ಯೋಗಿ ಹ್ಯೂ ಟ್ರೋವೆಲ್ ಒಬ್ಬ ಪುಟ್ಟ ಹುಡುಗನನ್ನ ತೋರಿಸಿದ್ರು. ದವಡೆಯ ನಾಲ್ಕೂ ಕಡೆ ಗೆಡ್ಡೆ. ಸೋಂಕಾದ್ರೆ ಒಂದು ಕಡೆ ಇರಬೇಕು, ನಾಲ್ಕೂ ಕಡೆ ಯಾಕೆ? ಕೆಲವೇ ವಾರಗಳಲ್ಲಿ ಜಿಂಜಾ ಊರಿನ ಆಸ್ಪತ್ರೆಯಲ್ಲಿ ಇನ್ನೊಂದು ಮಗು: ಮುಖದಲ್ಲಿ ಅದೇ ಊತ, ಜೊತೆಗೆ ಹೊಟ್ಟೆಯಲ್ಲೂ ಗೆಡ್ಡೆ. ಬರ್ಕಿಟ್ ಹಳೇ ದಾಖಲೆಗಳನ್ನೆಲ್ಲ ತೆಗೆಸಿ ನೋಡಿದ್ರು. ಕಿಡ್ನಿ ಗೆಡ್ಡೆ, ಅಂಡಾಶಯದ ಗೆಡ್ಡೆ, ದವಡೆ ಗೆಡ್ಡೆ ಅಂತ ಬೇರೆ ಬೇರೆ ಹೆಸರಲ್ಲಿದ್ದ ಎಷ್ಟೋ ಕೇಸ್‌ಗಳು ಒಂದೇ ಕಾಯಿಲೆ ಅಂತ ಅನ್ನಿಸ್ತು.

ಇಲ್ಲಿ ನ್ಯಾಯವಾಗಿ ಒಂದು ಮಾತು. ಇಂಥ ದವಡೆ ಗೆಡ್ಡೆಗಳನ್ನ ಅದೇ ಊರಿನ ಮೆಂಗೋ ಆಸ್ಪತ್ರೆಯಲ್ಲಿ ಆಲ್ಬರ್ಟ್ ಕುಕ್ ಎಷ್ಟೋ ವರ್ಷ ಮೊದಲೇ ದಾಖಲಿಸಿದ್ರು. ಬರ್ಕಿಟ್ 1958ರ ಲೇಖನದಲ್ಲಿ ಇದನ್ನ ಸಾರ್ಕೋಮಾ ಅಂತ ಬರೆದ್ರು. ಇದು ಲಿಂಫೋಮಾ ಅಂತ ತೋರಿಸಿಕೊಟ್ಟಿದ್ದು ಕಂಪಾಲದ ಪೆಥಾಲಜಿಸ್ಟ್‌ಗಳು. ಹೆಸರು ಮಾತ್ರ ಒಬ್ಬರದ್ದೇ ಉಳೀತು.

ಆದ್ರೆ ಎಲ್ಲಿ ಬರುತ್ತೆ, ಎಲ್ಲಿ ಬರಲ್ಲ ಅನ್ನೋ ಪ್ರಶ್ನೆ ಹಿಡಿದು ಕೂತಿದ್ದು ಬರ್ಕಿಟ್ಟೇ. ಶುರುವಿನಲ್ಲಿ ಸಿಕ್ಕ ಹಣ 25 ಪೌಂಡ್. ಫೋಟೋ ಇರೋ ಕರಪತ್ರ ಮಾಡಿಸಿ ಆಫ್ರಿಕಾದ ಆಸ್ಪತ್ರೆಗಳಿಗೆಲ್ಲ ಕಳಿಸಿದ್ರು. ಉತ್ತರ ಬಂದಹಾಗೆ ನಕ್ಷೆ ಮೇಲೆ ಗುರುತು. 1961ರಲ್ಲಿ ಟೆಡ್ ವಿಲಿಯಮ್ಸ್, ಕ್ಲಿಫ್ ನೆಲ್ಸನ್ ಅನ್ನೋ ಇಬ್ಬರು ಡಾಕ್ಟರ್‌ಗಳ ಜೊತೆ ಸೆಕೆಂಡ್ ಹ್ಯಾಂಡ್ ಫೋರ್ಡ್ ಕಾರಿನಲ್ಲಿ ಹೊರಟು, 10 ವಾರ, ಸುಮಾರು 16,000 ಕಿಲೋಮೀಟರ್ ಸುತ್ತಿದ್ರು. ವಿಲಿಯಮ್ಸ್‌ಗೆ ಕಾರು ರಿಪೇರಿ ಗೊತ್ತಿತ್ತು. ಟೀಮ್ ಅಂದ್ರೆ ಹೀಗಿರಬೇಕು.

ನಕ್ಷೆಯಲ್ಲಿ ಆಫ್ರಿಕಾದ ನಡುವೆ ಒಂದು ಪಟ್ಟಿ ಮೂಡಿತು. ಚಳಿ ಇರೋ ಎತ್ತರದ ಊರುಗಳಲ್ಲಿ, ಮಳೆ ಕಡಿಮೆ ಇರೋ ಕಡೆ ಕಾಯಿಲೆ ಇಲ್ಲ. ಅಂದ್ರೆ ಸೊಳ್ಳೆ, ಮಲೇರಿಯಾ ಇರೋ ಜಾಗದ್ದೇ ಆಕಾರ. ಅದೇ ವರ್ಷ ಲಂಡನ್ನಿನಲ್ಲಿ ಅವರ ಭಾಷಣ ಕೇಳಿದ ಆಂಥೊನಿ ಎಪ್‌ಸ್ಟೀನ್ ಗೆಡ್ಡೆಯ ಸ್ಯಾಂಪಲ್‌ಗಳನ್ನ ವಿಮಾನದಲ್ಲಿ ತರಿಸಿಕೊಂಡ್ರು. 1964ರಲ್ಲಿ ಅವರ ತಂಡಕ್ಕೆ ಅದರೊಳಗೆ ವೈರಸ್ ಸಿಕ್ತು. ಅದೇ ಎಪ್‌ಸ್ಟೀನ್-ಬಾರ್ ವೈರಸ್.

ಜೀನ್ ಸಿಕ್ಕಿದ್ದು ಇನ್ನೂ ತಡವಾಗಿ, 1982ರಲ್ಲಿ. ಎಂಟನೇ ಕ್ರೋಮೋಸೋಮ್‌ನಲ್ಲಿರೋ ಮಿಕ್ ಅನ್ನೋ ಜೀನ್ ಅದು. ಅದರಿಂದ ಆಗೋ ಪ್ರೋಟೀನ್ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್: ಮ್ಯಾಕ್ಸ್ ಅನ್ನೋ ಜೊತೆಗಾರನ ಜೊತೆ ಡಿಎನ್‌ಎ ಮೇಲೆ ಕೂತು, ಜೀವಕೋಶ ಬೆಳೆಯೋಕೆ, ಎರಡಾಗೋಕೆ ಬೇಕಾದ ಬೇರೆ ಜೀನ್‌ಗಳನ್ನ ಚಾಲೂ ಮಾಡುತ್ತೆ. ಆಂಟಿಬಾಡಿ ಮಾಡೋ ಬಿ ಕಣಗಳಲ್ಲಿ ಇದು ಬೇಕಾದಾಗ ಆನ್, ಮುಗಿದಮೇಲೆ ಆಫ್. ಈ ಕ್ಯಾನ್ಸರ್‌ನಲ್ಲಿ ಕ್ರೋಮೋಸೋಮ್ ಮುರಿದು, ಮಿಕ್ ಹೆಚ್ಚಾಗಿ ಹದಿನಾಲ್ಕನೇ ಕ್ರೋಮೋಸೋಮ್‌ನ ಆಂಟಿಬಾಡಿ ಜೀನ್ ಪಕ್ಕ ಹೋಗಿ ಅಂಟಿಕೊಳ್ಳುತ್ತೆ. ಬಿ ಕಣದಲ್ಲಿ ಆ ಜಾಗ ಯಾವಾಗಲೂ ಆನ್. ಬೋರ್‌ವೆಲ್ ಮೋಟಾರ್‌ಗೆ ಸ್ವಿಚ್ ತಪ್ಪಿಸಿ ನೇರ ಲೈನ್ ಕೊಟ್ಟ ಹಾಗೆ. ಮೋಟಾರ್ ಚೆನ್ನಾಗೇ ಇದೆ, ನಿಲ್ಲಿಸೋಕೆ ಮಾತ್ರ ಆಗಲ್ಲ. ಒಂದೆರಡು ದಿನದಲ್ಲೇ ಗೆಡ್ಡೆ ದುಪ್ಪಟ್ಟಾಗಬಹುದು. ಮಲೇರಿಯಾ ಬಿ ಕಣಗಳನ್ನ ಪದೇ ಪದೇ ಕೆಣಕಿ ಇಂಥ ಮುರಿತದ ಸಾಧ್ಯತೆ ಹೆಚ್ಚಿಸುತ್ತೆ, ವೈರಸ್ ಸಾಯಬೇಕಾದ ಕಣವನ್ನ ಉಳಿಸುತ್ತೆ ಅನ್ನೋದು ಈಗಿನ ತಿಳಿವಳಿಕೆ.

ಇದ್ಯಾವುದೂ ಗೊತ್ತಿಲ್ಲದೆ ಬರ್ಕಿಟ್ ಮಕ್ಕಳಿಗೆ ಚಿಕಿತ್ಸೆ ಕೊಟ್ಟಿದ್ರು. ಉಗಾಂಡದಲ್ಲಿ ರೇಡಿಯೋಥೆರಪಿ ಇರಲಿಲ್ಲ. ಕತ್ತರಿಸಿ ತೆಗೆದ್ರೂ ಉಪಯೋಗ ಇಲ್ಲ. ಹಾಗಾಗಿ ಮೆಥೋಟ್ರೆಕ್ಸೇಟ್ ಕೊಟ್ಟು ನೋಡಿದ್ರು. (ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನಾ ನಿರ್ದೇಶಕರಾಗಿದ್ದ ಲೆಡರ್ಲೆ ಲ್ಯಾಬಿನ ಔಷಧಿ ಇದು.) ಒಂದೆರಡು ಡೋಸ್‌ಗೇ ಕೆಲವು ಮಕ್ಕಳ ಮುಖದ ಊತ ಕರಗಿತು, ಕೆಲವರು ಪೂರ್ತಿ ಗುಣ ಆದ್ರು. ಅಷ್ಟು ಬೇಗ ಎರಡಾಗೋ ಕಣಗಳಿಗೇ ಇಂಥ ಔಷಧಿ ಜೋರಾಗಿ ತಾಗೋದು.

1966ರಲ್ಲಿ ಬ್ರಿಟನ್ನಿಗೆ ವಾಪಸ್ ಹೋದಮೇಲೆ ಅವರು ಹಿಡಿದ ವಿಷಯವೇ ಬೇರೆ: ಊಟದಲ್ಲಿ ನಾರಿನಂಶ. ಅಲ್ಲೂ ಅದೇ ಅಭ್ಯಾಸ, ಯಾವ ದೇಶದವರು ಏನು ತಿಂತಾರೆ, ಯಾರಿಗೆ ಯಾವ ಕಾಯಿಲೆ ಬರಲ್ಲ ಅಂತ ಹೋಲಿಸೋದು. ಮಿಕ್ ಸಿಕ್ಕ ವರ್ಷ ಅವರಿಗೆ 71. ತೀರಿಕೊಂಡಿದ್ದು 1993ರ ಮಾರ್ಚ್‌ನಲ್ಲಿ.