ಬುದ್ಧನ ಜಾಡಿನಲ್ಲಿ ಏಷ್ಯಾವನ್ನು ಕಂಡ ಜೇಮ್ಸ್ ಕಸಿನ್ಸ್

ಕುವೆಂಪು ಅವರನ್ನು ಇಂಗ್ಲಿಷಿನಿಂದ ಕನ್ನಡದತ್ತ ತಿರುಗಿಸಿದ ಐರಿಷ್ ಕವಿ ಎಂದೇ ಜೇಮ್ಸ್ ಕಸಿನ್ಸ್ ಕನ್ನಡಿಗರಿಗೆ ಪರಿಚಿತರು. ಏಷ್ಯಾದ ಕಲೆಯ ಬಗ್ಗೆ, ಅದರಲ್ಲೂ ಬೌದ್ಧ ಪರಂಪರೆಯ ಬಗ್ಗೆ ಅವರಿಗಿದ್ದ ಆಸಕ್ತಿ ಮಾತ್ರ ಅಷ್ಟಾಗಿ ಬೆಳಕಿಗೆ ಬಂದಿಲ್ಲ.

1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಜನಿಸಿದ ಕಸಿನ್ಸ್, ಯೇಟ್ಸ್ ಮೊದಲಾದವರು ಮುನ್ನಡೆಸಿದ ಐರಿಷ್ ಸಾಹಿತ್ಯ ಪುನರುಜ್ಜೀವನದಲ್ಲಿ ಪಾಲ್ಗೊಂಡಿದ್ದರು. ಆಳುವವರ ನೆರಳಿನಲ್ಲಿ ತನ್ನತನ ಹುಡುಕುವ ನಾಡಿನ ತಳಮಳ ಅವರಿಗೆ ಹೊಸದಲ್ಲ. 1915ರಲ್ಲಿ ಆನಿ ಬೆಸೆಂಟ್ ಅವರ ಆಹ್ವಾನದ ಮೇರೆಗೆ ಪತ್ನಿ ಮಾರ್ಗರೆಟ್ ಅವರೊಡನೆ ಭಾರತಕ್ಕೆ ಬಂದು, 'ನ್ಯೂ ಇಂಡಿಯಾ' ಪತ್ರಿಕೆಯಲ್ಲೂ ಬಳಿಕ ಮದನಪಲ್ಲಿಯ ಕಾಲೇಜಿನಲ್ಲೂ ದುಡಿದರು.

1919ರಲ್ಲಿ ಟೋಕಿಯೋದ ಕೀಯೋ ವಿಶ್ವವಿದ್ಯಾಲಯ ಅವರನ್ನು ಇಂಗ್ಲಿಷ್ ಬೋಧನೆಗೆ ಬರಮಾಡಿಕೊಂಡಿತು. ಅದು ನಾರಾ ಮತ್ತು ಕಾಮಾಕುರಾದ ಬೃಹತ್ ಕಂಚಿನ ಬುದ್ಧರ ನಾಡು. ಭಾರತದಲ್ಲಿ ಹುಟ್ಟಿದ ಧರ್ಮವೊಂದು ಚೀನಾ, ಕೊರಿಯಾಗಳನ್ನು ಹಾದು ಜಪಾನಿನಲ್ಲಿ ಕಲೆಯಾಗಿ ನೆಲೆನಿಂತ ಬಗೆ ಅವರ ಚಿಂತನೆಗೆ ಬುನಾದಿಯಾಯಿತು. ಏಷ್ಯಾದ ಸಾಂಸ್ಕೃತಿಕ ಏಕತೆಯನ್ನು ಪ್ರತಿಪಾದಿಸುವ ಅವರ ಗ್ರಂಥ 1922ರಲ್ಲಿ ಪ್ರಕಟವಾಯಿತು. ಕ್ರಿ.ಶ. 968ರಲ್ಲಿ ಆಳುಪ ಅರಸ ಕುಂದವರ್ಮ ಪ್ರತಿಷ್ಠಾಪಿಸಿದ ಕದ್ರಿಯ ಲೋಕೇಶ್ವರ ವಿಗ್ರಹವನ್ನು ಕಂಡ ಕರಾವಳಿಗರಿಗೆ, ಬೌದ್ಧ ಕಲೆಯ ಈ ಹರವು ಅಪರಿಚಿತವೇನಲ್ಲ.

1924ರಲ್ಲಿ ಕಸಿನ್ಸ್ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಬಂಗಾಳ ಪಂಥದ ಕಲಾಕೃತಿಗಳನ್ನು ಕೂಡಿಸಿದರು. ಈ ಪಂಥದ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದವರು ಅಜಂತಾದ ಬೌದ್ಧ ಗುಹೆಗಳಲ್ಲಿ ಭಿತ್ತಿಚಿತ್ರಗಳನ್ನು ಪ್ರತಿಮಾಡುತ್ತಾ ರೇಖೆಯ ಪಾಠ ಕಲಿತವರು. ಹೀಗೆ ಅಜಂತಾದ ಪ್ರಭಾವ ಮೈಸೂರನ್ನೂ ತಲುಪಿತು.

ಅದೇ ವರ್ಷ ವಿದ್ಯಾರ್ಥಿಯಾಗಿದ್ದ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ಅವರಿಗೆ ತೋರಿಸಿದರು. ಹೊಗಳಿಕೆಯನ್ನು ನಿರೀಕ್ಷಿಸಿದ್ದ ತರುಣನಿಗೆ ದೊರೆತದ್ದು ತಾಯ್ನುಡಿಯಲ್ಲಿ ಬರೆಯಬೇಕೆಂಬ ಹಿತವಚನ. ಮೊದಲು ನೊಂದರೂ ಕುವೆಂಪು ಅದನ್ನು ತಳ್ಳಿಹಾಕಲಿಲ್ಲ. ಬುದ್ಧನೊಬ್ಬನೇ ಆದರೂ ಪ್ರತಿ ನಾಡಿನ ಶಿಲ್ಪಿಯೂ ತನ್ನ ನೆಲದ ಮುಖವನ್ನೇ ಅವನಿಗೆ ಕೊಟ್ಟ. ಆ ಪರಂಪರೆಯನ್ನು ಅಭ್ಯಸಿಸಿದವರ ಬಾಯಲ್ಲಿ ಈ ಸಲಹೆ ಸಹಜವೇ ಆಗಿತ್ತು.

ಮುಂದೆ ತಿರುವಾಂಕೂರು ಸಂಸ್ಥಾನದ ಕಲಾ ಸಲಹೆಗಾರರಾಗಿಯೂ ಸೇವೆ ಸಲ್ಲಿಸಿದ ಕಸಿನ್ಸ್ 1956ರಲ್ಲಿ ಮದನಪಲ್ಲಿಯಲ್ಲಿ ನಿಧನರಾದರು. ಅಷ್ಟರಲ್ಲಿ 'ಶ್ರೀ ರಾಮಾಯಣ ದರ್ಶನಂ' ಪ್ರಕಟವಾಗಿ ಏಳು ವರ್ಷಗಳು ಸಂದಿದ್ದವು. 1955ರ ಸಾಲಿನ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಕನ್ನಡಕ್ಕೆ ಮೊದಲನೆಯದು, ಅದೇ ಕೃತಿಗೆ ಸಂದಿತ್ತು.